ಕೊಡಸೂತ್ರ: ಚೆನ್ನೈ ಜಲನ್ಯಾಯಕ್ಕೊಂದು ಭಾಷ್ಯ

ಸೂತ್ರ 1: ನೀರು ತಗ್ಗಿಗೆ ಹರಿಯುತ್ತದೆ, ಚೆನ್ನೈನಲ್ಲಿ ಅಂತಸ್ತಿಗೆ ಹರಿಯುತ್ತದೆ.

ಭಾಷ್ಯ: ಇದಕ್ಕೆ ಪ್ರಮಾಣ 1772. ಸೇಂಟ್ ಜಾರ್ಜ್ ಕೋಟೆಯ ದೊರೆಗಳಿಗೆ ಒಳ್ಳೆಯ ನೀರು ಬೇಕಾಯಿತು. ದೇಶೀಯರಿದ್ದ ಬ್ಲ್ಯಾಕ್ ಟೌನಿನ ಉತ್ತರದಲ್ಲಿ ಬಾವಿ ತೋಡಿಸಿ, ಅಲ್ಲಿಂದ ಕೋಟೆಗೆ ನೀರು ಒಯ್ದರು. ಆ ಜಾಗದ ಹೆಸರು ಇಂದಿಗೂ ಏಳುಕಿಣರು, ಅಂದರೆ ಏಳು ಬಾವಿ. ಬಾವಿ ಒಬ್ಬರ ಪೇಟೆಯಲ್ಲಿ, ದಾಹ ಇನ್ನೊಬ್ಬರ ಕೋಟೆಯಲ್ಲಿ ಎಂಬ ಈ ಪೂರ್ವಾಚಾರವನ್ನು ಮುಂದಿನವರು ಭಕ್ತಿಯಿಂದ ಪಾಲಿಸಿದ್ದಾರೆ.

ಸೂತ್ರ 2: ಬರಕ್ಕೆ ಭೇದವಿಲ್ಲ.

ಭಾಷ್ಯ: 2019ರ ಜೂನ್ ತಿಂಗಳಲ್ಲಿ ಚೆನ್ನೈಗೆ ನೀರುಣಿಸುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಹೆಚ್ಚುಕಡಿಮೆ ಬತ್ತಿದವು. ಸಂವಿಧಾನದಲ್ಲಿದ್ದ ಸಮಾನತೆ ಕೊನೆಗೂ ಕೆರೆಯ ತಳದಲ್ಲಿ ಸಿಕ್ಕಿತು. ಹೋಟೆಲುಗಳು ಊಟದ ಹೊತ್ತು ಮೊಟಕು ಮಾಡಿದವು. ಹಳೇ ಮಹಾಬಲಿಪುರಂ ರಸ್ತೆಯ ಐಟಿ ಕಂಪನಿಗಳು ‘ಮನೆಯಿಂದಲೇ ಕೆಲಸ ಮಾಡಿ’ ಎಂದವು.

ಪೂರ್ವಪಕ್ಷ: ಹಾಗಾದರೆ ಮನೆಗೆಲಸದವಳಿಗೇಕೆ ಈ ಸೌಲಭ್ಯವಿಲ್ಲ?

ಸಿದ್ಧಾಂತ: ಇದೆ. ಅವಳು ಕೆಲಸ ಮಾಡುವುದೂ ಮನೆಯಿಂದಲೇ. ಆ ಮನೆ ಯಾರದೆಂಬುದು ಗೌಣ.

ಸೂತ್ರ 3: ಕಾಯುವಿಕೆಯೇ ಬಡವರ ನಾಣ್ಯ.

ಭಾಷ್ಯ: ಜಲಾರ್ಥಿಗಳು ತ್ರಿವಿಧ: ಸಂಪುವಂತರು, ಕ್ಯಾನುವಂತರು, ಕೊಡವಂತರು. ಸಂಪುವಂತರು ಖಾಸಗಿ ಟ್ಯಾಂಕರ್ ತರಿಸಿ, ಖರ್ಚನ್ನು ಅಪಾರ್ಟ್‌ಮೆಂಟಿನ ಮೇಂಟೆನೆನ್ಸಿಗೆ ಸೇರಿಸಿ, ರೇಟು ಏರಿತೆಂದು ಸಂಘದ ಸಭೆಯಲ್ಲಿ ಬಿಸ್ಲೇರಿ ಕುಡಿಯುತ್ತ ಕೂಗಾಡುತ್ತಾರೆ. ಕ್ಯಾನುವಂತರಿಗೆ ಬಾಯಿಗೆ ಕ್ಯಾನು, ಮೈಗೆ ಬೋರಿನ ಉಪ್ಪುನೀರು. ಕೊಡವಂತರಿಗೆ ನಗರ ಜಲಮಂಡಳಿಯಾದ ಮೆಟ್ರೋ ವಾಟರ್‌ನ ಲಾರಿ ಉಚಿತ. ಉಚಿತವೆಂದರೆ, ನಸುಕಿನಲ್ಲೇ ಎದ್ದು ಪ್ಲಾಸ್ಟಿಕ್ ಕೊಡಗಳನ್ನು ಸಾಲಿಗಿಟ್ಟು, ಲಾರಿ ಬರುವವರೆಗೆ ಕಾದು, ಬಂದ ಮೇಲೆ ಪೈಪಿಗೆ ಗುದ್ದಾಡಿ, ಅಂದಿನ ಕೂಲಿ ಕಳೆದುಕೊಳ್ಳುವುದು. ಹೋದ ಕೂಲಿಗೆ ರಸೀದಿ ಇಲ್ಲ. ರಸೀದಿ ಇಲ್ಲದ್ದು ಬೆಲೆಯಲ್ಲ. ಆದ್ದರಿಂದ ಉಚಿತ.

ಸೂತ್ರ 4: ನೀರಿಗೆ ರಾಜ್ಯವುಂಟು, ಕೊಡಕ್ಕಿಲ್ಲ.

ಭಾಷ್ಯ: ಅದೇ 2019ರ ಜುಲೈ 12ರಂದು ಜೋಲಾರಪೇಟೆಯಿಂದ ಚೆನ್ನೈನ ವಿಲ್ಲಿವಾಕ್ಕಂಗೆ 50 ವ್ಯಾಗನ್ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂತು. ಮೆಟ್ಟೂರಿನಿಂದ ಬಂದ ಕಾವೇರಿ ಅದು. ‘ಕೊಡಗಿನವಳು, ನಮ್ಮವಳು!’ ಎಂದು ಕನ್ನಡ ಓದುಗರು ಆಕ್ಷೇಪಿಸಬಹುದು. ಕೃಷ್ಣೆಯನ್ನೂ ಸೇರಿಸಿಕೊಳ್ಳಲಿ: 1976ರಲ್ಲಿ ಚೆನ್ನೈಗೆಂದು ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ತಲಾ 5 ಟಿಎಂಸಿ ಬಿಟ್ಟುಕೊಡಲು ಒಪ್ಪಿದ್ದವು. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗೆ ಕೈಚಾಚಿದಾಗ, ಕಾವೇರಿ ನಮ್ಮವಳೆಂಬ ಹೆಮ್ಮೆಯಿಂದ ಅಲ್ಲಿನ ಯಾವ ಕೊಡವೂ ತುಂಬಲಿಲ್ಲ. ನದಿ ಯಾರದೆಂದು ಎರಡು ಸರ್ಕಾರಗಳು ಕೋರ್ಟಿನಲ್ಲಿ ವಾದಿಸಿದವು. ನಲ್ಲಿ ಯಾರದೆಂದು ಯಾರೂ ಕೇಸು ಹಾಕಲಿಲ್ಲ.

ಫಲಶ್ರುತಿ: ಈ ಭಾಷ್ಯವನ್ನು ನಿತ್ಯ ಪಠಿಸುವ ಸಂಪುವಂತರಿಗೆ ಮನಸ್ಸು ಹಗುರಾಗುವುದು, ನಲ್ಲಿ ತಿರುಗಿಸುವ ಕೈಗೆ ಅಡ್ಡಿಯಾಗದು. ಕ್ಯಾನುವಂತರು ಮುಂದಿನ ಜನ್ಮದಲ್ಲಿ ಸಂಪು ಪಡೆಯುವರು. ಕೊಡವಂತರು ಸಾಲಿನಲ್ಲಿ ನಿಂತೇ ಓದಿಕೊಳ್ಳಲಿ. ಅವರ ಬಳಿ ಸಮಯ ಧಾರಾಳವಾಗಿದೆ ಎಂಬುದು ಪಂಡಿತರ ಒಮ್ಮತ.