ಪೀಪಾಯಿಯೊಳಗಿನ ಪಂದ್ಯ

ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವನಿಗೆ ಯಂತ್ರದೋಣಿಗಳ ಓಟದ ವಿಷಯವಾಗಿ ಮಾತನಾಡುವ ಅಧಿಕಾರವೇನೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಬೆಂಗಳೂರಿನ ಪಶ್ಚಿಮಭಾಗದ ನಿವಾಸಿಗಳಾದ ನಮಗೂ ಜಲರಾಶಿಗೂ ಉಳಿದಿರುವ ಸಂಬಂಧವು ಬಹುಮಟ್ಟಿಗೆ ಸ್ಮರಣೆಯದು. ಕೇತಮಾರನಹಳ್ಳಿಯ ಕೆರೆಯು ಬಡಾವಣೆಯಲ್ಲಿ ಲೀನವಾಯಿತು. ಕಾಮಾಕ್ಷಿಪಾಳ್ಯದ ಕೆರೆಯಿದ್ದೆಡೆಯಲ್ಲಿ ಹುಡುಗರು ಚೆಂಡಾಡುತ್ತಾರೆ. ಧರ್ಮಾಂಬುಧಿಯೆಂಬ ಸಮುದ್ರಸದೃಶವಾದ ಹೆಸರನ್ನು ಹೊತ್ತ ಕೆರೆಯಲ್ಲಿ ಈಗ ಮೆಜೆಸ್ಟಿಕ್ಕಿನ ಬಸ್ಸುಗಳು ಲಂಗರು ಹಾಕುತ್ತವೆ. ಉಳಿದವಳು ವೃಷಭಾವತಿ. ಗಾಳಿ ಆಂಜನೇಯನ ಗುಡಿಯ ಬಳಿಯಿಂದ ಕೆಂಗೇರಿಯವರೆಗೆ ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿಯುವ ಈ ಮಹಾತಾಯಿಯ ಮೇಲೆ ದೋಣಿ ನಡೆಸಬಯಸುವವನು ಮೊದಲು ಘ್ರಾಣೇಂದ್ರಿಯದ ಮಟ್ಟಿಗಾದರೂ ಸನ್ಯಾಸವನ್ನು ಸ್ವೀಕರಿಸಿರಬೇಕು. 1933ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯವಿತ್ತು, ನಿಜ. ಆದರೆ ಅದು ನಾವು ಕುಡಿಯುತ್ತಿದ್ದ ನೀರು, ಅದರಲ್ಲಿ ಪೆಟ್ರೋಲಿನ ತೆರೆಯೆಬ್ಬಿಸಲು ಯಾರೂ ಬಿಡುತ್ತಿರಲಿಲ್ಲ, ಬಿಡಲೂಬಾರದು.

ಆದಕಾರಣ ನನ್ನ ನೌಕಾವಿದ್ಯೆಯೆಲ್ಲವೂ ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಸಂಪಾದಿಸಿದ್ದು. ಅಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ, ಗೈಡುಗಳಿಗೂ ಪಂಚಾಂಗಗಳಿಗೂ ನಡುವೆ, 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆಯ ಮುಖಪುಟ ಹರಿದ ಸಂಚಿಕೆಗಳು ಸಿಗುತ್ತಿದ್ದವು. ಪ್ಲೈವುಡ್ ಹಲಗೆಯಿಂದ ಮನೆಯಲ್ಲಿಯೇ ಓಟದ ದೋಣಿಯನ್ನು ನಿರ್ಮಿಸುವ ಕ್ರಮವನ್ನು ಅಡುಗೆಪುಸ್ತಕದಷ್ಟು ನಿರಾತಂಕವಾಗಿ ವಿವರಿಸುವ ಲೇಖನಗಳೂ ಅವುಗಳಲ್ಲಿದ್ದವು. ಪದಾರ್ಥಗಳ ಪಟ್ಟಿಯಲ್ಲಿ ಒಂದು ಸರೋವರವೂ ಬೇಕೆಂಬುದನ್ನು ಮಾತ್ರ ಅವರು ಬರೆಯುತ್ತಿರಲಿಲ್ಲ. ಅಮೆರಿಕದವರಿಗೆ ಅದು ಉಪ್ಪಿನಂತೆ ಮನೆಯಲ್ಲಿರುವ ವಸ್ತುವೆಂದು ತೋರುತ್ತದೆ.

ಇಂಥ ದೋಣಿಯನ್ನು ಓಡಿಸಲು ಅದರ ಹಿಂಬದಿಗೆ ತಗುಲಿಹಾಕಿ, ಬೇಡವಾದಾಗ ಕಳಚಿ ಹೆಗಲಮೇಲೆ ಹೊತ್ತೊಯ್ಯಬಹುದಾದ ಯಂತ್ರವನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದವನು ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್ನಿನಲ್ಲಿ ಬೆಳೆದ ಓಲೆ ಎವಿನ್‌ರೂಡ್. ಬೇಸಿಗೆಯ ವನಭೋಜನದಲ್ಲಿ ಭಾವೀಪತ್ನಿ ಬೆಸ್ ಐಸ್‌ಕ್ರೀಮನ್ನು ಬಯಸಲು, ಪಾಪ, ಈತನು ಸರೋವರದಾಚೆಗೆ ಹುಟ್ಟುಹಾಕಿಕೊಂಡು ಹೋಗಿ ತರುವಷ್ಟರಲ್ಲಿ ಅದು ಪಾಯಸವಾಗಿತ್ತೆಂದೂ, ಆ ಬೆವರಿನಿಂದಲೇ ಯಂತ್ರದ ಕಲ್ಪನೆಯು ಮೊಳೆಯಿತೆಂದೂ ಪ್ರತೀತಿ. 1909ರಲ್ಲಿ ಹೊರಬಂದ ಆ ಯಂತ್ರವು ಒಂದೂವರೆ ಅಶ್ವಶಕ್ತಿಯದು. ತೂಕ ಸುಮಾರು ಇಪ್ಪತ್ತೆಂಟು ಕಿಲೋ. ಮುಂದೆ ವ್ಯಾಪಾರದ ಚುಕ್ಕಾಣಿಯನ್ನು ಹಿಡಿದವಳು ಬೆಸ್. ಐಸ್‌ಕ್ರೀಮು ಕರಗಿದ್ದರಿಂದ ಲೋಕಕ್ಕಾದ ಲಾಭವನ್ನು ನೆನೆದಾಗ, ನವರಂಗ್ ಟಾಕೀಸಿನೆದುರು ಕಡ್ಡಿ ಐಸನ್ನು ಅಷ್ಟು ಶೀಘ್ರವಾಗಿ ತಿಂದು ಮುಗಿಸುತ್ತಿದ್ದ ನಮ್ಮ ಬಾಲ್ಯದ ಬಗ್ಗೆ ವ್ಯಥೆಯಾಗುತ್ತದೆ.

ಇಬ್ಬರು ಮನುಷ್ಯರು ಒಂದೇ ನೀರಿನಲ್ಲಿ ಯಂತ್ರವಿಟ್ಟ ಮೇಲೆ ಪಂದ್ಯವು ಅನಿವಾರ್ಯ. ಆ ಪತ್ರಿಕೆಯ ಪುಟಗಳಲ್ಲಿ ನಾನು ಕಂಡ ಹಳೆಯ ಕಾಲದ ಓಟಗಾರರು ಪುಟ್ಟ ದೋಣಿಯೊಳಗೆ ಕುಳಿತಿರುತ್ತಿರಲಿಲ್ಲ, ಮಂಡಿಯೂರಿರುತ್ತಿದ್ದರು. ವೇಗವೆಂಬ ದೇವತೆಯ ಮುಂದೆ ಆ ಭಂಗಿ ಉಚಿತವೇ. ಆರಂಭದ ಕ್ರಮವಂತೂ ವಿಚಿತ್ರ. ಎಲ್ಲರೂ ಓಡುತ್ತಿರುವಾಗಲೇ ದಡದ ದೊಡ್ಡ ಗಡಿಯಾರದ ಮುಳ್ಳು ಕೊನೆಯ ನಿಮಿಷವನ್ನು ಎಣಿಸುತ್ತಾ ಬರುತ್ತದೆ. ಅದು ಮುಗಿಯುವ ಕ್ಷಣಕ್ಕೆ ಸರಿಯಾಗಿ ಪೂರ್ಣವೇಗದಿಂದ ಗೆರೆಯನ್ನು ದಾಟಬೇಕು, ಮೊದಲೇ ದಾಟಿದವನು ಅನರ್ಹ. ನಮ್ಮ ಮದುವೆಗಳ ಮುಹೂರ್ತಕ್ಕೆ ಈ ನಿಯಮವನ್ನು ತಂದರೆ ಪುರೋಹಿತರಲ್ಲಿ ಎಷ್ಟು ಮಂದಿ ಉಳಿಯುವರೋ ತಿಳಿಯದು.

ಆದರೆ ನನ್ನನ್ನು ಈ ವಿದ್ಯೆಗೆ ಬಿಡಿಸಲಾಗದಂತೆ ಬಂಧಿಸಿದ್ದು ಹರಳೆಣ್ಣೆ. ಪಂದ್ಯದ ಯಂತ್ರಗಳು ಮೆಥನಾಲನ್ನು ಕುಡಿಯುವುವು. ಖನಿಜತೈಲವು ಅದರಲ್ಲಿ ಬೆರೆಯದ ಕಾರಣ, ಎರಡು ಹೊಡೆತದ ಯಂತ್ರಕ್ಕೆ ಇಂಧನದೊಡನೆಯೇ ಉಣಿಸಬೇಕಾದ ಜಿಡ್ಡಿನ ಸ್ಥಾನವನ್ನು ಹರಳೆಣ್ಣೆಯೇ ತುಂಬುತ್ತಿತ್ತು. ಆ ಹೊಗೆಯ ಪರಿಮಳವನ್ನು ಮುದಿ ಓಟಗಾರರು ಮಲ್ಲಿಗೆಯನ್ನು ನೆನೆದಂತೆ ನೆನೆಯುವುದನ್ನು ಓದಿದಾಗ ನಾನು ಬೆರಗಾದೆನು. ನಮ್ಮ ಮನೆಯಲ್ಲಿಯೂ ಬೇಸಿಗೆ ರಜೆಯ ಭಾನುವಾರಗಳಂದು ಅಜ್ಜಿಯು ಬೆಚ್ಚಗಿನ ಹರಳೆಣ್ಣೆಯ ಲೋಟವನ್ನು ಹಿಡಿದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಲ್ಲಿಂದ ಮುಂದೆ ನಾವು ತೋರುತ್ತಿದ್ದ ವೇಗವು ಯಾವ ಜಲಕ್ರೀಡೆಗೂ ಕಡಿಮೆಯದಾಗಿರಲಿಲ್ಲ.

ಪ್ರೊಪೆಲರಿನ ವಿಷಯದಲ್ಲಿ ತುಸು ಗಂಭೀರನಾಗಬೇಕು. ಒಂದು ಸುತ್ತಿಗೆ ಅದು ಮೆದುವಾದ ಘನಪದಾರ್ಥದಲ್ಲಿ ಎಷ್ಟು ಮುಂದೆ ಕೊರೆದುಕೊಂಡು ಹೋದೀತು ಎಂಬ ಲೆಕ್ಕಕ್ಕೆ 'ಪಿಚ್' ಎನ್ನುತ್ತಾರೆ. ನೀರು ಜಾರುವ ಸ್ವಭಾವದ್ದಾದುದರಿಂದ ನಿಜವಾದ ನಡೆ ಅದಕ್ಕಿಂತ ಕಡಿಮೆಯೇ. ಅತಿವೇಗದಿಂದ ತಿರುಗಿದಾಗ ಅಲಗಿನ ಬೆನ್ನಲ್ಲಿ ಒತ್ತಡವು ಕುಸಿದು, ತಣ್ಣಗಿನ ನೀರೇ ಕುದಿದು ಗುಳ್ಳೆಗಳಾಗಿ, ಆ ಗುಳ್ಳೆಗಳು ಒಡೆಯುವಾಗ ಕಂಚನ್ನೂ ಕೊರೆದುಹಾಕುತ್ತವೆ. ಇದನ್ನು ತಪ್ಪಿಸುವ ಉಪಾಯವಾಗಿ ಓಟದ ದೋಣಿಗಳಲ್ಲಿ ಪ್ರೊಪೆಲರಿನ ಅರ್ಧವನ್ನು ನೀರಿನಿಂದ ಮೇಲಕ್ಕೆತ್ತಿಯೇ ಬಿಡುತ್ತಾರೆ: ದೋಣಿಯು ಮುಂದಿನ ಎರಡು ಪಾದಗಳನ್ನೂ ಹಿಂದಿನ ಅರ್ಧ ಪ್ರೊಪೆಲರನ್ನೂ ನೀರಿಗೆ ತಾಗಿಸಿ, ಮಿಕ್ಕದ್ದೆಲ್ಲವನ್ನೂ ಗಾಳಿಗೆ ಒಪ್ಪಿಸಿ ಓಡುತ್ತದೆ. 1989ರಲ್ಲಿ ಬಾಬ್ ವಾರ್ಟಿಂಗರ್ ಎಂಬಾತನು ಇಂಥ ದೋಣಿಯಲ್ಲಿ ಗಂಟೆಗೆ 176 ಮೈಲಿಗೂ ಮಿಕ್ಕಿ ಧಾವಿಸಿದನು.

ಇಷ್ಟೆಲ್ಲ ತಿಳಿದಿದ್ದರೂ ಯಂತ್ರದ ಪ್ರತ್ಯಕ್ಷದರ್ಶನವು ನನಗೆ ಲಭಿಸಿದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಗಲ್ಲಿಯಲ್ಲಿ. ಅಲ್ಲೊಂದು ಲೇತ್ ಅಂಗಡಿ. ಅದರ ಮೇಸ್ತ್ರಿಯವರು ಮೈಸೂರಿನ ಜಾವಾ ಮೋಟಾರ್‌ಸೈಕಲ್ಲುಗಳ ಹೊಟ್ಟೆಯನ್ನು ಬಗೆಯುವುದರಲ್ಲಿ ಸಿದ್ಧಹಸ್ತರು. ಎಲ್ಲಿಯದೋ ಹಿನ್ನೀರಿನ ದೋಣಿಯ ಯಂತ್ರವೊಂದು ಲಾರಿಯಲ್ಲಿ ಅವರಲ್ಲಿಗೆ ಬಂದಿತು. ಪ್ರೊಪೆಲರ್ ಕಲ್ಲಿಗೆ ಬಡಿದಾಗ ತಾನು ಮುರಿದು ಗಿಯರನ್ನು ಕಾಪಾಡಲೆಂದೇ ಒಂದು ಮೆದುವಾದ ಶಿಯರ್ ಪಿನ್ನು ಇರುತ್ತದೆ. ಯಾರೋ ಪುಣ್ಯಾತ್ಮರು ಅದು ಪದೇ ಪದೇ ಮುರಿಯುವುದೆಂದು ಬೇಸತ್ತು, ಅದರ ಜಾಗದಲ್ಲಿ ಗಟ್ಟಿ ಉಕ್ಕಿನ ತುಂಡನ್ನು ಹೊಡೆದಿದ್ದರು. ಪಿನ್ನು ಉಳಿಯಿತು, ಗಿಯರಿನ ಹಲ್ಲೆಲ್ಲ ಉದುರಿತು.

ದುರಸ್ತಿಯಾಯಿತು. ಪರೀಕ್ಷೆಗೆ ನೀರು ಬೇಕು. ಇಂಥ ಯಂತ್ರವನ್ನು ಪೀಪಾಯಿಯೊಳಗೆ ನಿಲ್ಲಿಸಿ ಓಡಿಸುವುದು ಲೋಕರೂಢಿಯೆಂದು ನಾನೇ ಪತ್ರಿಕೆಯ ಪುಟವನ್ನು ತೋರಿಸಿದೆನು. 1974ರಲ್ಲಿ ಕಾವೇರಿಯು ನಮ್ಮೂರಿಗೆ ಬಂದಿದ್ದಳಾದರೂ ಆ ಗಲ್ಲಿಗೆ ಆಕೆ ದರ್ಶನವೀಯುತ್ತಿದ್ದುದು ದಿನ ಬಿಟ್ಟು ದಿನ. ಬೀದಿ ನಲ್ಲಿಯ ಮುಂದಿನ ಬಿಂದಿಗೆಗಳ ಸಾಲನ್ನು ಹಿಂದಿಕ್ಕಿ, ಮೇಸ್ತ್ರಿಯವರ ಹುಡುಗರು ಮುಂಜಾನೆಯೇ ಪೀಪಾಯಿಯನ್ನು ತುಂಬಿದರು. ಮೇಸ್ತ್ರಿಯವರು ಬುಗುರಿಗೆ ಚಾಟಿ ಸುತ್ತಿದಂತೆ ಯಂತ್ರದ ಚಕ್ರಕ್ಕೆ ಹಗ್ಗವನ್ನು ಸುತ್ತಿ, ಇಷ್ಟದೈವವನ್ನು ನೆನೆದು ಎಳೆದರು. ಕೆಮ್ಮಿತು. ಮತ್ತೆ ಎಳೆದರು, ನೀಲಿ ಹೊಗೆ, ಶಿಳ್ಳೆ, ಆಮೇಲೆ ಕಿವಿಗಡಚಿಕ್ಕುವ ಗರ್ಜನೆ. "ಗಾಳಿ ಕೊಡೋ!" ಎಂದರು ಮೇಸ್ತ್ರಿ. ಹುಡುಗನು ಕೊಟ್ಟನು. ಮರುನಿಮಿಷದಲ್ಲಿ ಪೀಪಾಯಿಯಲ್ಲಿ ನೀರಿರಲಿಲ್ಲ. ಅದು ಗಲ್ಲಿಯಲ್ಲಿತ್ತು, ಎದುರುಮನೆಯ ಹಪ್ಪಳದ ಚಾಪೆಯ ಮೇಲಿತ್ತು, ಬಹುಪಾಲು ನನ್ನ ಮೇಲಿತ್ತು.

ಸಾಲಿನ ಮೊದಲ ಬಿಂದಿಗೆಯ ಒಡತಿಯಾದ ವೃದ್ಧೆಯು ಹತ್ತಿರ ಬಂದು, "ಏನ್ರಪ್ಪಾ ಇದು?" ಎಂದರು.

"ದೋಣಿ ಇಂಜಿನ್ನು, ಅಜ್ಜಿ."

"ದೋಣಿ ಎಲ್ಲಪ್ಪ?"

ಇದಕ್ಕೆ ಮೇಸ್ತ್ರಿಯವರು ನನ್ನ ಮುಖವನ್ನೂ ನಾನು ಅವರ ಮುಖವನ್ನೂ ನೋಡಿದೆವು.

ಮುಂದೆ ನಮ್ಮ ದೇಶದಲ್ಲಿಯೂ ದೊಡ್ಡ ಪಂದ್ಯಗಳು ನಡೆದವು: 2004ರಲ್ಲಿ ಮುಂಬಯಿಯ ಕಡಲಲ್ಲಿ, 2018ರ ನವೆಂಬರಿನಲ್ಲಿ ವಿಜಯವಾಡದ ಕೃಷ್ಣೆಯಲ್ಲಿ. ಆಲಮಟ್ಟಿಯನ್ನು ದಾಟಿಹೋದ ನೀರೇ ಅದು. ನೀರನ್ನು ನಾವು ಕಳುಹಿಸಿಕೊಟ್ಟು ಓಟವನ್ನು ಅವರು ನೋಡಿದರು. ನನಗೆ ಅಸೂಯೆಯಿಲ್ಲ. ಏಕೆಂದರೆ ಕರ್ನಾಟಕದ ಅಸಲು ಪಂದ್ಯವನ್ನು ನಾನು ಗಂಗೊಳ್ಳಿಯಲ್ಲಿ ಕಂಡಿದ್ದೇನೆ. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ನಿಷೇಧವಿದ್ದಾಗಲೂ ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಕಡಲು ತೆರೆದಿರುತ್ತದೆ. ಪೆಟ್ರೋಲಿನಲ್ಲಿ ಎಚ್ಚರಗೊಂಡು ಸೀಮೆಎಣ್ಣೆಯಲ್ಲಿ ಓಡುವ ಯಂತ್ರಗಳು, ಬಂಗುಡೆಯನ್ನು ತುಂಬಿಕೊಂಡು, ಅಳಿವೆಯ ಅಲೆಗಳನ್ನು ಏರಿ ಇಳಿದು ದಕ್ಕೆಯತ್ತ ನುಗ್ಗುತ್ತವೆ; ಮೊದಲು ಮುಟ್ಟಿದವನಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ. ಗಡಿಯಾರವಿಲ್ಲ, ಅನರ್ಹತೆಯಿಲ್ಲ.

ಮೊದಲು ಬಂದ ದೋಣಿಯ ತಾಂಡೇಲರಿಗೆ ನಾನು ಅಮೆರಿಕದ ಪಂದ್ಯಗಳ ವೃತ್ತಾಂತವನ್ನು ಸವಿಸ್ತಾರವಾಗಿ ನಿರೂಪಿಸಿದೆನು. ಬಲೆಯಿಂದ ಮೀನು ಬಿಡಿಸುತ್ತಲೇ ಕೇಳಿದ ಅವರು, "ಗೆದ್ದರಿಗೆ ಎಂತ ಸಿಕ್ಕತ್ತ್ ಮಾರಾಯ್ರೆ?" ಎಂದರು. ಬೆಳ್ಳಿಯ ಬಟ್ಟಲು ಎಂದೆನು. ಅದು ಎಷ್ಟು ದೊಡ್ಡದೆಂದು ಕೈಯಲ್ಲಿ ತೋರಿಸಲು ಹೇಳಿದರು, ತೋರಿಸಿದೆನು. ತಾಂಡೇಲರು ಅದನ್ನು ಕಣ್ಣಳತೆಯಲ್ಲಿಯೇ ಅಳೆದು, ಹತ್ತು ಬಂಗುಡೆ ಹಿಡಿದರೆ ಹೆಚ್ಚೆಂದು ತೀರ್ಮಾನಿಸಿ, ಹರಾಜಿನವರನ್ನು ಕೂಗಿದರು.