ಕೇಸು ವಾಪಸಾತಿ ಶಾಸ್ತ್ರ: ಸೂತ್ರ, ವೃತ್ತಿ, ಪ್ರಯೋಗ

ಸೂತ್ರ: ಸರ್ಕಾರಂ ಮಾರ್ಪಡೆ ಆರೋಪಿಯುಂ ಹೋರಾಟಗಾರನಪ್ಪಂ.

ವೃತ್ತಿ: ಬಸ್ಸಿಗೆ ಕಲ್ಲು ಹೊಡೆದವನು ಚುನಾವಣೆಗೆ ಮುಂಚೆ ‘ಒಂದನೇ ಆರೋಪಿ’, ಫಲಿತಾಂಶ ಬಂದ ಮೇಲೆ ‘ಅಮಾಯಕ ಯುವಕ’. ಕಲ್ಲು ಅದೇ, ಒಡೆದ ಗಾಜೂ ಅದೇ, ಡ್ರೈವರನ ಹಣೆಯ ಹೊಲಿಗೆಯೂ ಅದೇ. ಇಂಥ ಪವಾಡಕ್ಕೆ ಆಧಾರ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂ. ಕೇಸು ಹಿಂಪಡೆಯುವ ಅಧಿಕಾರ ಇರುವುದು ಸರ್ಕಾರಿ ಅಭಿಯೋಜಕರಿಗೆ; ಕೋರ್ಟು ಒಪ್ಪಬೇಕು. ಸಂಪುಟ ಉಪಸಮಿತಿ ಎಂಬ ಮಾತೇ ಆ ಕಲಮಿನಲ್ಲಿಲ್ಲ. ಆದರೆ ಸಂವಿಧಾನದ 7ನೇ ಅನುಸೂಚಿ ಪೊಲೀಸನ್ನೂ ಸಾರ್ವಜನಿಕ ಸುವ್ಯವಸ್ಥೆಯನ್ನೂ ರಾಜ್ಯದ ಕೈಗೆ ಕೊಟ್ಟಿದೆಯಲ್ಲ! ಶಾಸಕರ ಪತ್ರ ಗೃಹ ಇಲಾಖೆಗೆ ಹೋಗುತ್ತದೆ, ಕಡತ ಉಪಸಮಿತಿಗೆ ಏರಿ, ಸಂಪುಟದಲ್ಲಿ ಪಾಸಾಗಿ, ಆದೇಶವಾಗಿ ಅಭಿಯೋಜಕರ ಮೇಜಿಗೆ ಇಳಿಯುತ್ತದೆ. ‘ನಾನು ಸ್ವತಂತ್ರವಾಗಿ ವಿವೇಚಿಸಿ ಈ ನಿರ್ಧಾರಕ್ಕೆ ಬಂದಿದ್ದೇನೆ’ ಎಂದು ಅವರು ಅರ್ಜಿ ಬರೆಯುತ್ತಾರೆ. ಅರ್ಜಿಯ ಹಿಂದೆ ಪಿನ್ನು ಹೊಡೆದ ಸರ್ಕಾರಿ ಆದೇಶದ ಪ್ರತಿ ಇರುತ್ತದೆ. ವಿವೇಚನೆಯ ತಾರೀಖು ಆದೇಶದ ತಾರೀಖಿಗಿಂತ ಈಚಿನದು.

ಪೂರ್ವಪಕ್ಷ, ಅಂದರೆ ಈಗ ವಿರೋಧದಲ್ಲಿ ಕೂತಿರುವವರು, ಇದನ್ನು ಓಲೈಕೆ ಎಂದು ಖಂಡಿಸುತ್ತಾರೆ. ತಮ್ಮ ಕಾಲದಲ್ಲಿ ಅವರು ಹಿಂಪಡೆದದ್ದಕ್ಕೆ ಶಾಸ್ತ್ರದಲ್ಲಿ ‘ನ್ಯಾಯ ಒದಗಿಸುವಿಕೆ’ ಎಂದು ಹೆಸರು.

ಪ್ರಯೋಗ: 2015ರ ಮಾರ್ಚ್ 13, ಕೇರಳ ವಿಧಾನಸಭೆ. ಬಜೆಟ್ ಮಂಡನೆ ತಡೆಯಲು ಹೊರಟ ಎಡರಂಗದ ಶಾಸಕರು ಸ್ಪೀಕರ್ ಪೀಠಕ್ಕೇ ಏರಿದರು. ಕುರ್ಚಿ, ಕಂಪ್ಯೂಟರ್, ಮೈಕು, ತುರ್ತು ದೀಪ ಹಾಳಾದವು. ನಷ್ಟ 2,20,093 ರೂಪಾಯಿ. (ಆ 93 ರೂಪಾಯಿಯನ್ನು ಲೆಕ್ಕ ಹಾಕಿದ ಗುಮಾಸ್ತರಿಗೆ ಈ ಶಾಸ್ತ್ರ ನಮಿಸುತ್ತದೆ.) ಮುಂದೆ ಎಡರಂಗವೇ ಅಧಿಕಾರಕ್ಕೆ ಬಂತು, ಕೇಸು ಹಿಂಪಡೆಯಲು ಅರ್ಜಿ ಬಿತ್ತು, ಆರೋಪಿಗಳಲ್ಲಿ ಒಬ್ಬರಾದ ವಿ. ಶಿವನ್‌ಕುಟ್ಟಿ ಶಿಕ್ಷಣ ಸಚಿವರೂ ಆದರು. ಸಂವಿಧಾನದ 194ನೇ ವಿಧಿ ಶಾಸಕರಿಗೆ ಸದನದಲ್ಲಿ ವಾಕ್ ಸ್ವಾತಂತ್ರ್ಯ ಕೊಟ್ಟಿದೆ, ಹಾಗಾಗಿ ಇದಕ್ಕೂ ರಕ್ಷಣೆ ಇದೆ ಎಂಬುದು ವಾದ. ಮೈಕಿನಲ್ಲಿ ಮಾತಾಡುವುದೂ ಮೈಕು ಕೀಳುವುದೂ ಒಂದೇ ಹಕ್ಕಿನ ಎರಡು ಮುಖ ಎಂಬ ಈ ಅದ್ವೈತವನ್ನು 2021ರ ಜುಲೈ 28ರಂದು ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ನಮ್ಮಲ್ಲಿಯೂ ಪ್ರಯೋಗಗಳಿಗೆ ಬರವಿಲ್ಲ. ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆ ಗಲಭೆಯದೂ ಸೇರಿದಂತೆ 43 ಕೇಸುಗಳನ್ನು ಹಿಂಪಡೆಯಲು 2024ರ ಅಕ್ಟೋಬರಿನಲ್ಲಿ ಹೊರಟ ಆದೇಶವನ್ನು ಹೈಕೋರ್ಟು 2025ರ ಮೇ ತಿಂಗಳಲ್ಲಿ ರದ್ದು ಮಾಡಿತು. ಅದಕ್ಕೂ ಹಳೆಯದು 2000ನೇ ಇಸವಿಯದು. ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಅವನ ಸಹಚರರೆಂದು ಬಂಧಿತರಾದವರ ಮೇಲಿನ ಟಾಡಾ ಆರೋಪ ಕೈಬಿಡಲು ಸರ್ಕಾರ ಒಪ್ಪಿತು, ಮೈಸೂರಿನ ವಿಶೇಷ ನ್ಯಾಯಾಲಯವೂ ಒಪ್ಪಿತು. ಇಲ್ಲಿ ಶಾಸ್ತ್ರಕಾರನ ನಗೆ ಗಂಟಲಲ್ಲೇ ನಿಲ್ಲುತ್ತದೆ: ಆ ದಿನ ಕರ್ನಾಟಕದ ಯಾವ ಸರ್ಕಾರ ತಾನೇ ‘ಆಗುವುದಿಲ್ಲ’ ಎನ್ನುತ್ತಿತ್ತು? ಅಂದವರು ಒಬ್ಬರೇ. ವೀರಪ್ಪನ್ ತಂಡಕ್ಕೆ ಬಲಿಯಾಗಿದ್ದ ಸಬ್ ಇನ್ಸ್‌ಪೆಕ್ಟರರೊಬ್ಬರ ವೃದ್ಧ ತಂದೆ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಅಭಿಯೋಜಕರು ತಮ್ಮ ಬುದ್ಧಿಯನ್ನೇ ಬಳಸಿ ನಿರ್ಧರಿಸಬೇಕು ಎಂದ ಕೋರ್ಟು ನವೆಂಬರ್ 7ರಂದು ವಾಪಸಾತಿಯನ್ನು ರದ್ದು ಮಾಡಿತು. ರಾಜ್‌ಕುಮಾರ್ ಆಗಿನ್ನೂ ಕಾಡಿನಲ್ಲೇ ಇದ್ದರು. ನವೆಂಬರ್ 15ರಂದು ಬಿಡುಗಡೆಯಾದರು.

2024ರ ಜುಲೈ 1ರಿಂದ ಜಾರಿಗೆ ಬಂದ 360ನೇ ಕಲಮಿಗೆ ಹೊಸದೊಂದು ಮಾತು ಸೇರಿದೆ: ನೊಂದವರ ಅಹವಾಲು ಕೇಳದೆ ಕೋರ್ಟು ವಾಪಸಾತಿಗೆ ಅನುಮತಿ ಕೊಡುವಂತಿಲ್ಲ. ಇದನ್ನು ಪ್ರಕ್ಷಿಪ್ತವೆಂದು ಸಾಧಿಸುವುದು ಹೇಗೆ ಎಂದು ಎಲ್ಲ ಪಕ್ಷಗಳ ಪಂಡಿತರೂ ಒಟ್ಟಾಗಿ ತಲೆ ಕೆಡಿಸಿಕೊಂಡಿದ್ದಾರೆ.