ಮನಬಿಚ್ಚಿ ಸಾಹೇಬರು

ಅವರಿಗೆ ಅಪ್ಪ-ಅಮ್ಮ ಇಟ್ಟ ಹೆಸರೊಂದಿದೆ; ಪ್ರತಿ ತಿಂಗಳು ಸಂಬಳದ ಪಟ್ಟಿಯಲ್ಲಿ ಅದನ್ನು ಬರೆಯುವವನೇ ನಾನು. ಆದರೆ ಪೀಣ್ಯದ ನಮ್ಮ ನಟ್ಟು-ಬೋಲ್ಟಿನ ಕಾರ್ಖಾನೆಯಲ್ಲಿ ಗೇಟಿನ ಸೆಕ್ಯುರಿಟಿಯಿಂದ ಹಿಡಿದು ಪ್ಯಾಕಿಂಗಿನ ಹೆಂಗಸರವರೆಗೆ ಎಲ್ಲರಿಗೂ ಅವರು ‘ಮನಬಿಚ್ಚಿ ಸಾಹೇಬರು’. ಎಚ್‌ಆರ್ ಮ್ಯಾನೇಜರಾಗಿ ಬಂದ ಮೊದಲ ದಿನ “ಎಲ್ಲರೂ ಮನ ಬಿಚ್ಚಿ ಮಾತಾಡಿ” ಎಂದು ಶುರು ಮಾಡಿದವರು ಮುಕ್ಕಾಲು ಗಂಟೆ ತಾವೇ ಬಿಚ್ಚಿದರು. ಮಡಿಸುವಷ್ಟರಲ್ಲಿ ಊಟದ ಬೆಲ್ಲು ಹೊಡೆದಿತ್ತು.

ಅವರು ಮಾಡುವ ಕೆಲಸಕ್ಕೆ ‘ಎಂಪ್ಲಾಯಿ ಎಂಗೇಜ್‌ಮೆಂಟ್’ ಎಂದು ಹೆಸರು. ಈ ಅರ್ಥದಲ್ಲಿ ಆ ಮಾತಿಗೆ ಬುನಾದಿ ಹಾಕಿದ್ದು 1990ರಲ್ಲಿ ವಿಲಿಯಂ ಕಾನ್ ಎಂಬ ಅಮೆರಿಕದ ಪ್ರಾಧ್ಯಾಪಕರು ಬರೆದ ಪ್ರಬಂಧ. ಮನುಷ್ಯ ಕೆಲಸಕ್ಕೆ ಬರುವಾಗ ಕೈಕಾಲಿನ ಜೊತೆ ಮನಸ್ಸನ್ನೂ ತರುತ್ತಾನೋ, ಮನೆಯಲ್ಲೇ ಬಿಟ್ಟು ಬರುತ್ತಾನೋ ಎಂಬುದು ಅದರ ತಿರುಳು. ನಮ್ಮ ಕ್ಯಾಂಟೀನಿನ ಹುಡುಗನಿಗೆ ಮಾತ್ರ ಎಂಗೇಜ್‌ಮೆಂಟ್ ಅಂದರೆ ತಾಂಬೂಲ ಬದಲಾಯಿಸುವುದು. “ವರ್ಷಕ್ಕೆ ನಾಲ್ಕು ಎಂಗೇಜ್‌ಮೆಂಟ್ ಆಯ್ತು, ಮದುವೆ ಯಾವಾಗ ಸಾರ್?” ಎಂದು ನನ್ನನ್ನು ಕೇಳುತ್ತಾನೆ. ಅವನು ಮದುವೆ ಎನ್ನುವುದು ಇನ್‌ಕ್ರಿಮೆಂಟಿಗೆ.

ಮೊದಲು ಸರ್ವೆ ಬಂತು. “ಹೆಸರು ಬರೆಯಬೇಡಿ, ಯಾರು ಏನಂದರು ಅಂತ ದೇವರಿಗೂ ಗೊತ್ತಾಗಲ್ಲ” ಎಂದರು. ಹೆಸರಿನ ಕಾಲಂ ನಿಜಕ್ಕೂ ಇರಲಿಲ್ಲ. ವಿಭಾಗ, ವಯಸ್ಸು, ಸರ್ವೀಸು ಅಂತ ಮೂರು ಕಾಲಂ ಇದ್ದವು. ಅಕೌಂಟ್ಸ್, 54, 26 ವರ್ಷ ಎಂದು ತುಂಬಿದೆ. ಇಡೀ ಕಾರ್ಖಾನೆಯಲ್ಲಿ ಆ ಲೆಕ್ಕಕ್ಕೆ ತಾಳೆಯಾಗುವ ಪ್ರಾಣಿ ನಾನೊಬ್ಬನೇ. ಮಾರನೆಯ ದಿನ ಸಾಹೇಬರು ನನ್ನ ಮೇಜಿಗೆ ಬಂದು ದನಿ ತಗ್ಗಿಸಿ, “ಯಾರೋ ಟೀ ನೀರಾಗಿದೆ ಅಂತ ಬರೆದಿದ್ದಾರೆ. ಯಾರು ಅಂತ ನನಗೆ ಗೊತ್ತಿಲ್ಲ. ನಿಮಗೆ ಶುಗರ್ ಇದೆಯಲ್ಲ, ಟೀ ಯಾಕೆ ಕುಡೀತೀರಿ?” ಎಂದರು.

ಆಮೇಲೆ ಸಲಹಾ ಪೆಟ್ಟಿಗೆ. ಜಿಎಂ ಕ್ಯಾಬಿನ್ನಿನ ಬಾಗಿಲ ಪಕ್ಕ, ಸಿಸಿಟಿವಿ ಕೆಳಗೆ ತೂಗುಹಾಕಿದರು. ಆರು ತಿಂಗಳಾದ ಮೇಲೆ ಬೀಗ ತೆಗೆದರೆ ಎರಡು ಬಿಎಂಟಿಸಿ ಟಿಕೆಟು, ಒಂದು ಗೃಹಪ್ರವೇಶದ ಆಮಂತ್ರಣ, ‘ಪೆಟ್ಟಿಗೆಯನ್ನು ಬೇರೆ ಕಡೆ ಇಡಿ’ ಎಂಬ ಒಂದು ಚೀಟಿ.

ಟೌನ್‌ಹಾಲ್ ಎಂದರೆ ನಮಗೆ ಪುಟ್ಟಣ್ಣ ಚೆಟ್ಟಿ ಪುರಭವನ. ಸಾಹೇಬರಿಗೆ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ ಸ್ಲೈಡ್ ತೋರಿಸುವುದು. ಒಮ್ಮೆ ಶಿಕಾಗೋ ಪಕ್ಕದ ಹಾಥಾರ್ನ್ ಕಾರ್ಖಾನೆಯ ಕಥೆ ಹೇಳಿದರು. 1924ರಲ್ಲಿ ಅಲ್ಲಿ ದೀಪದ ಬೆಳಕು ಹೆಚ್ಚಿಸಿ ನೋಡಿದರಂತೆ, ಉತ್ಪಾದನೆ ಏರಿತು. ತಗ್ಗಿಸಿ ನೋಡಿದರು, ಆಗಲೂ ಏರಿತು. ನಮ್ಮನ್ನೂ ಯಾರೋ ವಿಚಾರಿಸಿಕೊಳ್ಳುತ್ತಿದ್ದಾರೆ ಅನ್ನಿಸಿದ್ದಕ್ಕೇ ಕೆಲಸಗಾರರು ಚುರುಕಾದರು ಎಂದು ಪಂಡಿತರು ಅರ್ಥ ಹೇಳಿದರು. ಸಾಹೇಬರಿಗೆ ಆದ ಅರ್ಥ ಬೇರೆ: ಮರುದಿನ ನಮ್ಮ ಅಕೌಂಟ್ಸಿನ ಆರು ಟ್ಯೂಬ್‌ಲೈಟಿನಲ್ಲಿ ಎರಡನ್ನು ಇಳಿಸಿದರು.

ಅದೇ ಹಾಥಾರ್ನಿನಲ್ಲಿ 1928ರಿಂದ 20,000ಕ್ಕೂ ಹೆಚ್ಚು ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿದ್ದರು. ಮೊದಮೊದಲು ಪ್ರಶ್ನೆಪಟ್ಟಿ ಹಿಡಿದು ಹೋದರು. ಜನ ಹೇಳಬೇಕೆಂದಿದ್ದುದೇ ಬೇರೆ ಎಂದು ಕಂಡಮೇಲೆ ಪಟ್ಟಿ ಬದಿಗಿಟ್ಟು, ಬಾಯಿ ಮುಚ್ಚಿ, ಕೇಳಿಸಿಕೊಂಡರು. ಅದನ್ನು ನಾನು ಆಮೇಲೆ ಓದಿಕೊಂಡದ್ದು. ಸಾಹೇಬರ ಆ ಸ್ಲೈಡು ಊಟದ ಬೆಲ್ಲಿಗೆ ಬಲಿಯಾಗಿತ್ತು.

ಕಳೆದ ತಿಂಗಳು ಒಂಬತ್ತನೇ ಸ್ಲೈಡಿಗೆ ಕರೆಂಟು ಹೋಯಿತು. ಪ್ರೊಜೆಕ್ಟರು ಕಣ್ಣು ಮುಚ್ಚಿತು, ಮೈಕು ಸತ್ತಿತು. ಕೈಯಲ್ಲಿ ರಿಮೋಟು ಹಿಡಿದ ಸಾಹೇಬರು ಏನು ಮಾಡುವುದೆಂದು ತೋಚದೆ ಹೆಂಗಸರ ಬೆಂಚಿನ ತುದಿಯಲ್ಲಿ ಕೂತರು. ಕತ್ತಲಲ್ಲಿ ಒಂದು ದನಿ ಕೇಳಿತು: “ಸಾರ್, ಎರಡನೇ ಶಿಫ್ಟು ಹತ್ತಕ್ಕೆ ಬಿಡುತ್ತೆ, ಕಂಪನಿ ಬಸ್ಸೂ ಹತ್ತಕ್ಕೇ ಹೊರಡುತ್ತೆ. ಆಯಿಲ್ ಕೈಯಲ್ಲೇ ಓಡ್ತೀವಿ.” ಸಾಹೇಬರು ಬಾಯಿ ತೆರೆದರು, ಮೈಕಿಲ್ಲದ್ದು ನೆನಪಾಗಿ ಮುಚ್ಚಿದರು. ಸೀರೆಗೆ ಹತ್ತಿದ ಗ್ರೀಸು ಹೋಗುವುದಿಲ್ಲ ಎಂದು ಇನ್ನೊಬ್ಬಳು, ಓಡುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದೆ ಎಂದು ಮತ್ತೊಬ್ಬಳು. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಸಾಹೇಬರು ನಿಜವಾದ ಬೇಸರದಲ್ಲೇ, “ಎರಡು ವರ್ಷದಿಂದ ಯಾಕಮ್ಮಾ ಹೇಳಲಿಲ್ಲ?” ಎಂದರು.

“ನೀವು ಕೇಳ್ತಾನೇ ಇದ್ರಲ್ಲ ಸಾರ್, ನಡುವೆ ಸಂದು ಸಿಗಲಿಲ್ಲ.”

ಅದೇ ವಾರದಿಂದ ಬಸ್ಸು ಹತ್ತೂಹತ್ತಕ್ಕೆ ಹೊರಡುತ್ತಿದೆ. ಹೆಂಗಸರು ಕೈ ತೊಳೆದು, ಮುಖ ಒರೆಸಿಕೊಂಡು, ನಡೆದೇ ಹೋಗಿ ಬಸ್ ಹತ್ತುತ್ತಾರೆ.

ಕತ್ತಲ ಮಹಿಮೆ ಸಾಹೇಬರಿಗೂ ಹೊಳೆದಿದೆ. ಇನ್ನು ಪ್ರತಿ ಶುಕ್ರವಾರ ದೀಪ ಆರಿಸಿ ಸುಮ್ಮನೆ ಕೇಳಿಸಿಕೊಳ್ಳುವ ಕಾರ್ಯಕ್ರಮ ಎಂದು ಸಾರಿದ್ದಾರೆ. ಅದರ ಬಗ್ಗೆ ತಿಳಿವಳಿಕೆ ಕೊಡಲು 36 ಸ್ಲೈಡು ಸಿದ್ಧವಾಗಿವೆ. ನಡುವೆ ಕರೆಂಟು ಹೋಗದಿರಲಿ ಎಂದು ತರಿಸಿದ ಬಾಡಿಗೆ ಜನರೇಟರಿನ ಬಿಲ್ಲು ನಿನ್ನೆ ನನ್ನ ಮೇಜಿಗೆ ಬಂತು. ನಾಲ್ಕೇ ಟ್ಯೂಬ್‌ಲೈಟಿನ ಬೆಳಕಿಗೆ ಮೊತ್ತ ಕಾಣದೆ ಕಿಟಕಿಗೆ ಹಿಡಿದು ಓದಿದೆ.